ಬಸ್ಸಿನ ಸೀಟು ಯಾರದು?



ಇವತ್ತಿನ ಚಿಂತನೆ ಬಸ್ಸಿನ ಬಗ್ಗೆ. ನಗಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿಗೆ ದಿನಾ ಓಡಾಡುವವರೇ ಈ ಗುಂಪಿನಲ್ಲಿ ಹೆಚ್ಚು. ಈ ಮೆಸೇಜನ್ನೂ ನಿಮ್ಮಲ್ಲಿ ಬಹಳ ಜನ ಬಸ್ಸಿನಲ್ಲೇ ಓದುತ್ತೀರಿ. ಒಂದು ಸಲ ಕಾಲ ಕೆಳಗೆ ನೋಡಿ. ಕಡಲೆಕಾಯಿ ಸಿಪ್ಪೆ, ಚಿಪ್ಸ್ ಪ್ಯಾಕೆಟ್, ಖಾಲಿ ಬಾಟಲಿ. ಕಿಟಕಿಯ ಹೊರಗೆ ಗುಟ್ಕಾ ಉಗಿದ ಕೆಂಪು ಗೆರೆ. ಮುಂದಿನ ಸೀಟಿನ ರೆಕ್ಸಿನ್ ಸೀಳಿ ಒಳಗಿನ ಸ್ಪಂಜನ್ನು ಕಿತ್ತಿರುತ್ತಾರೆ. ಬೆನ್ನಿನ ಮೇಲೆ ಹುಡುಗ ಹುಡುಗಿಯರ ಹೆಸರು. ಕೀಲಿಕೈಯಲ್ಲಿ ಕೆರೆದ ‘ಜೈ ಭೀಮ್’ ಕೂಡ ಕಂಡಿದ್ದೇನೆ. ಅದನ್ನು ನೋಡಿದಾಗ ಹೊಟ್ಟೆ ಉರಿಯಿತು.

(2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಿಟ್ಟಿ ಓಡಾಡಿ ಬಸ್ಸು ಕೊಳಕಾಯಿತು ಅನ್ನುವವರಿದ್ದಾರೆ. ಆ ಗುಟ್ಕಾ ಗೆರೆ ಶಕ್ತಿ ಯೋಜನೆಗಿಂತ ಹಳೆಯದು ಸ್ವಾಮಿ.)

ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಶ್ರಾವಸ್ತಿಯಲ್ಲಿ ಚಳಿಗಾಲ. ಭಿಕ್ಖುಗಳು ಸಂಘದ ಮಂಚ, ಹಾಸಿಗೆಗಳನ್ನು ಬಯಲಿಗೆ ತಂದು ಹಾಕಿಕೊಂಡು ಮೈ ಕಾಯಿಸುತ್ತಾ ಕೂತಿದ್ದರು. ಊಟದ ಹೊತ್ತಾಯಿತೆಂದು ಹಾಗೇ ಎದ್ದು ಹೋದರು. ಮಂಜಿಗೆ ಎಲ್ಲವೂ ನೆನೆದುಹೋಯಿತು. ಬುದ್ಧರು ಇದನ್ನು ಸಣ್ಣ ವಿಷಯವೆಂದು ಬಿಡಲಿಲ್ಲ, ನಿಯಮವನ್ನೇ ಮಾಡಿದರು. ಸಂಘಕ್ಕೆ ಸೇರಿದ ಮಂಚ, ಪೀಠ, ಹಾಸಿಗೆಯನ್ನು ಬಯಲಲ್ಲಿ ಹಾಕಿದವನು ಹೋಗುವಾಗ ಎತ್ತಿಡಬೇಕು, ಎತ್ತಿಡಿಸಬೇಕು, ಇಲ್ಲವೇ ಯಾರಿಗಾದರೂ ಹೇಳಿಯಾದರೂ ಹೋಗಬೇಕು. ತಪ್ಪಿದರೆ ಪಾಚಿತ್ತಿಯ ಎಂಬ ದೋಷ. ಎಲ್ಲರದೂ ಆದದ್ದು ಯಾರದೂ ಅಲ್ಲ ಎನ್ನುವುದು ನಮ್ಮ ಊರಿನ ಲೆಕ್ಕ. ಎಲ್ಲರದೂ ಆದ್ದರಿಂದಲೇ ಹೆಚ್ಚು ಜೋಪಾನ ಎನ್ನುವುದು ಬುದ್ಧರ ಲೆಕ್ಕ.

ಈ ಸೀಟು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜೊತೆ, ತಂದೆ ಕೆಲಸಕ್ಕಿದ್ದ ಕೋರೆಗಾಂವ್‌ಗೆ ಹೊರಟಿದ್ದರು (ಇದು ಸಾತಾರ ಜಿಲ್ಲೆಯದು, ಭೀಮಾ ಕೋರೆಗಾಂವ್ ಬೇರೆ). ಮಸೂರು ಸ್ಟೇಷನ್ನಿನಲ್ಲಿ ರೈಲು ಇಳಿದರೆ ಮಹಾರ ಮಕ್ಕಳನ್ನು ಗಾಡಿಗೆ ಹತ್ತಿಸಿಕೊಳ್ಳಲು ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆಗೆ ಒಬ್ಬ ಒಪ್ಪಿದ. ಆದರೆ ಗಾಡಿ ಹೊಡೆದದ್ದು ಮಕ್ಕಳೇ. ಮೈಲಿಗೆಗೆ ಹೆದರಿ ಅವನು ನಡೆದುಕೊಂಡು ಬಂದ. ಇವತ್ತು ಕೆಂಪು ಬಸ್ಸಿನಲ್ಲಿ ಪಕ್ಕದ ಸೀಟಿನವರು ನಮ್ಮ ಜಾತಿ ಕೇಳುವಂತಿಲ್ಲ. ಅಂಥ ಸೀಟನ್ನು ಬ್ಲೇಡು ತೆಗೆದುಕೊಂಡು ಕೊಯ್ಯುವುದೇ?

ಇನ್ನು ಕಸದ ಮಾತು. ಸಿಪ್ಪೆ ಬಿಸಾಕುವವರನ್ನು ಕೇಳಿದರೆ ಬರುವ ಉತ್ತರ ಒಂದೇ: “ಡಿಪೋದಲ್ಲಿ ಯಾರೋ ಗುಡಿಸ್ತಾರೆ ಬಿಡಿ, ಸಂಬಳ ಕೊಡಲ್ವಾ?” ಆ ‘ಯಾರೋ’ ಯಾವ ಕೇರಿಯವರು ಅಂತ ನಾನು ಬಿಡಿಸಿ ಹೇಳಬೇಕೆ? ರಾತ್ರಿ ಬಸ್ಸು ಡಿಪೋ ಸೇರಿದ ಮೇಲೆ ಪೊರಕೆ, ಬಕೆಟ್ಟು ಹಿಡಿದು ಹತ್ತುವವರ ಮುಖವನ್ನು ನಾವು ನೋಡುವುದಿಲ್ಲ. ಸಂಬಳ ಇರುವುದು ದಾರಿಯ ಧೂಳು ತೆಗೆಯುವುದಕ್ಕೆ, ನಿಮ್ಮ ಎಂಜಲು ತೊಳೆಯುವುದಕ್ಕಲ್ಲ. ಜಾತಿ ಅಂದರೆ ಇಷ್ಟೇ ಅಲ್ಲವೇ? ಗಲೀಜು ಮಾಡುವ ಹಕ್ಕು ಒಬ್ಬನಿಗೆ, ತೆಗೆಯುವ ಕರ್ಮ ಇನ್ನೊಬ್ಬನಿಗೆ. ನಮ್ಮವರೇ ಸಿಪ್ಪೆ ಬಿಸಾಕಿ ಕೈ ಒರೆಸಿಕೊಂಡಾಗ, ಆ ಹೊತ್ತಿಗೆ ನಮ್ಮವರೇ ಮೇಲ್ಜಾತಿ.

ರಾಜಗೃಹದ ಬೀದಿಯಲ್ಲಿ ಬಾಡಿದ ಹೂವು ಗುಡಿಸುತ್ತಿದ್ದ ಸುನೀತನಿಗೆ ಬುದ್ಧರು ನಿನ್ನ ಕೆಲಸ ಪವಿತ್ರವಾದದ್ದು, ಅದನ್ನೇ ಮಾಡಿಕೊಂಡಿರು ಎನ್ನಲಿಲ್ಲ. ಹೊರೆ ಕೆಳಗಿಟ್ಟು ಬಂದವನನ್ನು ಭಿಕ್ಖು ಎಂದು ಕರೆದರು. ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನೇ ನಿಷೇಧಿಸಿದರು. ತಲೆಯಿಂದ ಇಳಿಸಿದ ಹೊರೆಯನ್ನು ನಾವು ಬಸ್ಸಿನ ನೆಲದ ಮೇಲೆ ಮತ್ತೆ ಕಟ್ಟಿಡುತ್ತಿದ್ದೇವೆ.

ಯುವಕರಿಗೆ ಇನ್ನೊಂದು ಮಾತು. ಎಲ್ಲೋ ಬಾಬಾಸಾಹೇಬರ ಪ್ರತಿಮೆಗೆ ಅವಮಾನವಾದಾಗ ರಕ್ತ ಕುದಿಯುವುದು ಸಹಜ. ಠಾಣೆಗೆ ಹೋಗಿ, ದೂರು ಕೊಡಿ, ಧರಣಿ ಕೂರಿ. ಬಸ್ಸಿನ ಗಾಜಿಗೆ ಕಲ್ಲು ಬೇಡ. ಒಳಗೆ ಕೂತಿರುವುದು ಕೂಲಿ ಮುಗಿಸಿ ಬರುತ್ತಿರುವ ನಮ್ಮ ಅವ್ವಂದಿರು. ಸಂವಿಧಾನದ ದಾರಿ ತೆರೆದಿರುವಾಗ ಬೇರೆ ದಾರಿ ಹಿಡಿಯುವುದು ಅರಾಜಕತೆ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಬಾಬಾಸಾಹೇಬರೇ. ‘ಜೈ ಭೀಮ್’ ಅನ್ನುವುದನ್ನು ಬಾಯಲ್ಲಿ ಹೇಳಿ, ಎದೆಯ ಮೇಲೆ ಬ್ಯಾಡ್ಜ್ ಹಾಕಿಕೊಳ್ಳಿ. ಸೀಟಿನ ಮೇಲೆ ಕೆರೆಯಬೇಡಿ.

ಈ ಭಾನುವಾರ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸುನೀತನ ಭಾಗ ಓದಲಿದ್ದೇವೆ. ಬಸ್ಸಿನಲ್ಲಿ ಬರುವವರು ತಿಂದದ್ದರ ಸಿಪ್ಪೆ, ಪ್ಯಾಕೆಟ್ಟನ್ನು ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಬಾಗಿಲ ಹತ್ತಿರವೇ ಬುಟ್ಟಿ ಇಟ್ಟಿರುತ್ತೇವೆ. ಓದು ಮುಗಿದ ಮೇಲೆ ಜಮಖಾನ ಮಡಿಸಿ, ನೆಲ ಗುಡಿಸುವ ಸರದಿ ಈ ವಾರ ಹಿರಿಯರದು.

ಜೈ ಭೀಮ್.