ಖಾಲಿ ಅಂದವರ್ಯಾರು?

ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಓಡುತ್ತಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಅದರ ಕೈಬಿಟ್ಟಿತು. ಆದರೆ ಪಕ್ಕದ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಂ ಕಳಿಸೋ ಸಾಫ್ಟ್‌ವೇರ್ ನಡೆಯೋದು ಅದರಲ್ಲಿ ಮಾತ್ರ. ಮಷೀನ್ ಗಟ್ಟಿಯಾಗಿದೆ, ಯಾಕೆ ಬದಲಾಯಿಸಬೇಕು ಅಂತಾರೆ ಓನರ್. ಸರಿನೇ.

ಕೆಲಸ ಬಿಟ್ಟು ಊರಿಗೆ ಹೋದ ಹುಡುಗನೊಬ್ಬ ತಾನು ಬರೆದ ಪ್ರೋಗ್ರಾಂಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದ. ಅವನದು ಲಿನಕ್ಸ್ ಲ್ಯಾಪ್‌ಟಾಪ್. ಪೆನ್‌ಡ್ರೈವ್ ಕೂಡ ಲಿನಕ್ಸಿನ ಇಎಕ್ಸ್‌ಟಿ3 ಫೈಲ್ ಸಿಸ್ಟಮ್‌ನಲ್ಲಿತ್ತು. ಎಕ್ಸ್‌ಪಿಗೆ ಹಾಕಿದರೆ, 'ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ. ಈಗ ಮಾಡಬೇಕಾ?' ಅಂತ ಕೇಳಿತು. ಸಹಾಯಕ್ಕೆ ಹೋಗಿದ್ದ ನಾನು ಅಭ್ಯಾಸಬಲದಿಂದ 'ಯೆಸ್' ಕಡೆ ಮೌಸ್ ಒಯ್ದೆ. ಓನರ್ ಕೈ ಹಿಡಿದರು. "ತಾಳಿ ಸಾರ್, ಅದರಲ್ಲಿ ಎರಡು ವರ್ಷದ ಕೆಲಸ ಇದೆ. ಖಾಲಿ ಅಂದವರ್ಯಾರು?"

ಹೌದಲ್ಲ, ಅಂದವರ್ಯಾರು? ಎಕ್ಸ್‌ಪಿ ತನಗೆ ಗೊತ್ತಿರುವ ಫೈಲ್ ಸಿಸ್ಟಮ್‌ಗಳನ್ನು ಒಂದೊಂದಾಗಿ 'ಇದು ನಿನ್ನದಾ?' ಅಂತ ಕೇಳುತ್ತೆ. ಎಲ್ಲವೂ 'ನಂದಲ್ಲ' ಅಂದರೆ, 'ನನಗೆ ಅರ್ಥವಾಗಲಿಲ್ಲ' ಅನ್ನೋ ಬದಲು 'ಇದರಲ್ಲಿ ಏನೂ ಇಲ್ಲ' ಅನ್ನೋ ಧಾಟಿಯಲ್ಲಿ ಮಾತಾಡುತ್ತೆ. ತಮಾಷೆ ಅಂದರೆ, ಎಕ್ಸ್‌ಪಿ ಮಾರುಕಟ್ಟೆಗೆ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ, ಇಎಕ್ಸ್‌ಟಿ3 ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು ಅದರ ಮರುತಿಂಗಳು. ಒಂದೇ ವಯಸ್ಸಿನವು, ಪರಿಚಯವೇ ಇಲ್ಲ.

ಹಾಗಂತ ಹಳೇ ಸಿಸ್ಟಮ್ ಎಲ್ಲರ ಭಾಷೆಯನ್ನೂ ಕಲಿಯಬೇಕಾ? ಅದು ಅನ್ಯಾಯ. ಪ್ರತಿಯೊಂದು ಡ್ರೈವರನ್ನೂ ಯಾರೋ ಕೂತು ಸಾಕಬೇಕು. ಎಷ್ಟೋ ಪರದೇಶಿ ಫೈಲ್ ಸಿಸ್ಟಮ್‌ಗಳಿಗೆ ಜಾಗ ಕೊಟ್ಟ ಲಿನಕ್ಸ್ ಕೂಡ, ನೋಡಿಕೊಳ್ಳುವವರಿಲ್ಲದ ರೈಸರ್‌ಎಫ್‌ಎಸ್ ಅನ್ನು 2025ರ ಹೊತ್ತಿಗೆ ಹೊರಗೆ ಹಾಕಿತು. ಎಲ್ಲವನ್ನೂ ತಿಳಿದಿರಬೇಕು ಅನ್ನೋ ಬಾಧ್ಯತೆ ಯಾರಿಗೂ ಇಲ್ಲ. ತಿಳಿಯದಿದ್ದಾಗ ಹೇಗೆ ನಡೆದುಕೊಳ್ಳಬೇಕು ಅನ್ನೋದು ಮಾತ್ರ ಎಲ್ಲರಿಗೂ ಇದೆ.

ಇದಕ್ಕೆ ಉತ್ತರ ಆ ಪೆನ್‌ಡ್ರೈವ್‌ನಲ್ಲೇ ಇತ್ತು. ಇಎಕ್ಸ್‌ಟಿ ಕುಟುಂಬದ ಡಿಸ್ಕುಗಳ ತಲೆಬರಹದಲ್ಲಿ ಮೂರು ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ ನಿನಗೆ ಗೊತ್ತಿಲ್ಲದ ಸೌಲಭ್ಯ ಕಂಡರೆ ಪರವಾಗಿಲ್ಲ, ಓದು, ಬರಿ. ಎರಡನೆಯದರಲ್ಲಿ ಕಂಡರೆ ಓದು, ಆದರೆ ಬರೀಬೇಡ. ಮೂರನೆಯದರಲ್ಲಿ ಕಂಡರೆ ಮುಟ್ಟಲೇಬೇಡ. ಮುಂದೆ ಎಂಥವರ ಕೈಗೆ ಸಿಗ್ತೀನೋ ಅಂತ ಮೊದಲೇ ಯೋಚಿಸಿ ಬರೆದಿಟ್ಟ ಹಾಗಿದೆ. ಮೂರರಲ್ಲಿ ಎಲ್ಲೂ 'ಅಳಿಸು' ಅಂತಿಲ್ಲ.

ನಾವು ಅಷ್ಟು ಎಚ್ಚರವಾಗಿರಲ್ಲ. ಹೊಸದಾಗಿ ಸೇರಿದ ಟೀಮಿನ ಹಳೇ ಕೋಡ್ ಅರ್ಥವಾಗದಿದ್ದರೆ ಮೊದಲ ವಾರವೇ 'ರೀರೈಟ್ ಮಾಡೋಣ' ಅಂತೀವಿ. ದೊಡ್ಡನೆಕ್ಕುಂದಿ ಕೆರೆ ಹತ್ತಿರ ವಾಕ್ ಮಾಡ್ತಾ 'ಅಪಾರ್ಟ್‌ಮೆಂಟ್ ಬರೋ ಮುಂಚೆ ಇಲ್ಲಿ ಏನಿತ್ತು, ಬರೀ ಖಾಲಿ ಜಾಗ' ಅಂತ ನಾನೇ ಹೇಳಿದ್ದೀನಿ. ಕೆರೆಯನ್ನು ಯಾರೋ ಕಟ್ಟಿರಬೇಕು, ಅದರ ನೀರನ್ನು ನಂಬಿ ಯಾರೋ ಬೆಳೆ ತೆಗೆದಿರಬೇಕು ಅಂತ ಹೊಳೆಯಲೇ ಇಲ್ಲ.

ಕೊನೆಗೆ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವನ್ನು ಬರೀ ಓದುವುದಕ್ಕಷ್ಟೇ ತೆರೆದೆ. ಫೈಲುಗಳನ್ನು ಫ್ಯಾಟ್32 ಇದ್ದ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಎಕ್ಸ್‌ಪಿ ತಕರಾರಿಲ್ಲದೆ ಓದಿತು. ಒಂದೇ ನಷ್ಟ: ಫೈಲು ಯಾರದು ಅಂತ ಬರೆದಿಡೋ ಜಾಗ ಫ್ಯಾಟ್‌ನಲ್ಲಿಲ್ಲ.

ಹಳೇ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಬಳಸಿಕೊಳ್ಳಿ ಅಂದೆ. ಓನರ್ ಅದಕ್ಕೊಂದು ಚೀಟಿ ಅಂಟಿಸಿ, ಹುಡುಗನ ಹೆಸರು ಬರೆದು, ಡ್ರಾಯರ್‌ನಲ್ಲಿಟ್ಟರು.