ಆಸೆ ಮತ್ತು ಅರಿವು

ವೀರಶೈವ ಧರ್ಮವು ಸಂಸಾರವನ್ನು ತೊರೆದವರಿಗಾಗಿ ಮಾತ್ರ ಹುಟ್ಟಿದ ಧರ್ಮವಲ್ಲ. ಸತಿಸುತರೊಡನೆ ಮನೆಯಲ್ಲಿದ್ದು, ಕಾಯಕವನ್ನು ಮಾಡಿ, ಬಂದುದರಲ್ಲಿ ದಾಸೋಹವನ್ನು ನಡೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ಗೃಹಸ್ಥನಿಗೂ ಲಿಂಗಾಂಗ ಸಾಮರಸ್ಯದ ದಾರಿ ತೆರೆದಿದೆ ಎಂಬುದೇ ಹನ್ನೆರಡನೆಯ ಶತಮಾನದ ಶರಣರ ಉಪದೇಶದ ಹಿರಿಮೆ. ಆದರೆ ಈ ದಾರಿ ಸುಲಭವಾದುದೆಂದು ಭಾವಿಸಲಾಗದು. ಎಲ್ಲವನ್ನೂ ಬಿಟ್ಟು ಹೊರಟವನು ಒಮ್ಮೆ ನಿರ್ಧರಿಸಿದರೆ ಸಾಕು. ಗೃಹಸ್ಥನಾದರೋ ಅಂಗಡಿಯ ಮುಂದೆ ನಿಂತಾಗಲೆಲ್ಲ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಹೊಸದಾಗಿ ನಿರ್ಧರಿಸಬೇಕು. ಹಣ ಕೊಟ್ಟು ವಸ್ತುವನ್ನು ತರುವ ಕ್ರಿಯೆಯು ಲೌಕಿಕವೆಂದು ಅದನ್ನು ಧರ್ಮವಿಚಾರದ ಹೊರಗಿಡುವವನು, ತನ್ನ ದಿನದ ಬಹುಭಾಗವನ್ನೇ ಧರ್ಮದ ಹೊರಗಿಟ್ಟಂತಾಯಿತು.

ಅಂತಹ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಬಹುದು. ಒಬ್ಬ ಸದ್ಗೃಹಸ್ಥ, ಶಿಕ್ಷಕನೋ ಸಣ್ಣ ವ್ಯಾಪಾರಿಯೋ ಆಗಿರಬಹುದು. ಅವನಿಗೆ ಒಳ್ಳೆಯ ಕೈಗಡಿಯಾರಗಳಲ್ಲಿ ಅಭಿರುಚಿ. ಸ್ವಿಟ್ಜರ್ಲೆಂಡಿನ ಒಮೆಗಾ ಸಂಸ್ಥೆಯ ‘ಸ್ಪೀಡ್‌ಮಾಸ್ಟರ್’ ಎಂಬ ಪ್ರಸಿದ್ಧ ಕ್ರೋನೋಗ್ರಾಫನ್ನು ಅವನು ಬಹುಕಾಲದಿಂದ ಮೆಚ್ಚಿದ್ದಾನೆ. ಆದರೆ ಅವನ ಮಣಿಕಟ್ಟು ಸಣ್ಣದು, 42 ಮಿಲಿಮೀಟರ್ ಅಗಲದ ಆ ಗಡಿಯಾರ ಅವನ ಕೈಗೆ ದೊಡ್ಡದಾಗುತ್ತದೆ, ಬೆಲೆಯೂ ಕೈಗೆಟುಕದು. ಅದೇ ಸಂಸ್ಥೆಯು 1988ರಲ್ಲಿ ಹೊರತಂದ, 39 ಮಿಲಿಮೀಟರ್ ಅಗಲದ, ಕೀಲಿ ಕೊಡದೆಯೇ ತಾನಾಗಿ ನಡೆಯುವ ಚಿಕ್ಕ ಸ್ಪೀಡ್‌ಮಾಸ್ಟರ್ ಒಂದಿದೆ. ಅದರ ತಯಾರಿಕೆ ಈಗ ನಿಂತಿದೆ. ಒಬ್ಬರು ಬಳಸಿ ಬಿಟ್ಟುದನ್ನು ಇನ್ನೊಬ್ಬರು ಕೊಳ್ಳಬೇಕು. ದೊಡ್ಡದಕ್ಕಿಂತ ಬೆಲೆ ಕಡಿಮೆ. ಆದರೂ ಮಧ್ಯಮ ವರ್ಗದ ಗೃಹಸ್ಥನಿಗೆ ಅದು ಹಲವು ತಿಂಗಳ ಗಳಿಕೆ. ಕೊಳ್ಳಬೇಕೇ, ಬಿಡಬೇಕೇ? ಇದು ಅವನ ಪ್ರಶ್ನೆ. ಕೇಳುವುದಕ್ಕೆ ಅಲ್ಪವಾದರೂ ಇದರೊಳಗೆ ನಿಜ ಯಾವುದು, ತೋರಿಕೆ ಯಾವುದು, ಸಾಕು ಎಂಬುದು ಎಲ್ಲಿ ನಿಲ್ಲುತ್ತದೆ ಎಂಬ ದೊಡ್ಡ ಪ್ರಶ್ನೆಗಳು ಅಡಗಿವೆ.

ಮೊದಲು ವಸ್ತುವಿನ ಪರಿಚಯ ಅವಶ್ಯ. ಕ್ರೋನೋಗ್ರಾಫ್ ಎಂಬ ಮಾತಿಗೆ ಗ್ರೀಕ್ ಭಾಷೆಯಲ್ಲಿ ಕಾಲವನ್ನು ಬರೆಯುವುದು ಎಂದರ್ಥ. 1821ರಲ್ಲಿ ಫ್ರಾನ್ಸಿನ ನಿಕೊಲಾ ರಿಯುಸೆಕ್ ಎಂಬಾತನು ಕುದುರೆಯ ಜೂಜಿನಲ್ಲಿ ಕಾಲವನ್ನಳೆಯುವುದಕ್ಕಾಗಿ, ಮುಖಫಲಕದ ಮೇಲೆ ಮಸಿಯ ಚುಕ್ಕೆಯಿಡುವ ಯಂತ್ರವನ್ನು ಪ್ರಯೋಗಿಸಿದನು. ಹೆಸರು ಅದರಿಂದ ಬಂದಿತು. ಈಗಿನ ಕ್ರೋನೋಗ್ರಾಫಿನಲ್ಲಿ ಮಸಿಯಿಲ್ಲ. ಒಂದು ಗುಂಡಿಯನ್ನೊತ್ತಿದರೆ ಸೆಕೆಂಡಿನ ಮುಳ್ಳು ಹೊರಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಗುಂಡಿಯನ್ನೊತ್ತಿದರೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ.

ಸ್ಪೀಡ್‌ಮಾಸ್ಟರ್ 1957ರಲ್ಲಿ ಮೋಟಾರು ಪಂದ್ಯಗಳನ್ನು ಉದ್ದೇಶಿಸಿ ಹುಟ್ಟಿದುದು. ಅಮೆರಿಕದ ನಾಸಾ ಸಂಸ್ಥೆಯು ಬಿಸಿ, ಚಳಿ, ಆಘಾತ, ನಿರ್ವಾತ ಮೊದಲಾದ ಕಠಿಣ ಪರೀಕ್ಷೆಗಳಿಗೆ ಒಡ್ಡಿ, 1965ರ ಮಾರ್ಚಿಯಲ್ಲಿ ಅದನ್ನು ಗಗನಯಾತ್ರಿಗಳ ಉಪಯೋಗಕ್ಕೆ ಅಂಗೀಕರಿಸಿತು. 1969ರ ಜುಲೈಯಲ್ಲಿ ಚಂದ್ರನ ನೆಲದ ಮೇಲೆ ನಡೆದ ಬಜ್ ಆಲ್ಡ್ರಿನ್ನರ ಕೈಯಲ್ಲಿದ್ದುದು ಇದೇ. 1970ರ ಏಪ್ರಿಲಿನಲ್ಲಿ ಅಪೊಲೊ 13 ನೌಕೆಯು ಅಪಾಯಕ್ಕೆ ಸಿಕ್ಕಿದಾಗ, ಪಥವನ್ನು ತಿದ್ದುವುದಕ್ಕಾಗಿ ಎಂಜಿನನ್ನು 14 ಸೆಕೆಂಡು ನಡೆಸಬೇಕಾಯಿತು. ಆ ಕಾಲವನ್ನು ಅಳೆದುದೂ ಇಂತಹ ಗಡಿಯಾರವೇ. ಹೀಗೆ ಅದರ ಕೀರ್ತಿಯು ಪೊಳ್ಳು ಕೀರ್ತಿಯಲ್ಲ. ದುಡಿದು ಗಳಿಸಿದ ಕೀರ್ತಿ. ಆ ಗಡಿಯಾರಗಳೆಲ್ಲ ಕೈಯಿಂದ ಕೀಲಿ ಕೊಡತಕ್ಕವು.

ಇನ್ನು ಚಿಕ್ಕದರ ವಿಷಯ. ಹೊರನೋಟಕ್ಕೆ ಅದು ದೊಡ್ಡದರ ತಮ್ಮನಂತಿದ್ದರೂ ಒಳಗಿನ ರಚನೆ ಬೇರೆ. ಸಾಮಾನ್ಯ ಕಾಲವನ್ನು ತೋರಿಸುವ, ತಾನಾಗಿ ನಡೆಯುವ ಒಂದು ಯಂತ್ರ. ಅದರ ಮೇಲೆ ದ್ಯುಬುವಾ ದೆಪ್ರಾ ಎಂಬ ಸಂಸ್ಥೆಯು ಮಾಡಿದ ಕ್ರೋನೋಗ್ರಾಫಿನ ಪದರವೊಂದನ್ನು ಕೂಡಿಸಿದ್ದಾರೆ. ಆದುದರಿಂದಲೇ ಪಕ್ಕದ ತಿರುಗಣೆಯೂ ಎರಡು ಗುಂಡಿಗಳೂ ಒಂದೇ ಮಟ್ಟದಲ್ಲಿರುವುದಿಲ್ಲ. ಒಳಗೆ ಒಂದು ಲೋಲಕವಿದೆ. ತೊಟ್ಟವನ ಕೈಯಾಡಿದಂತೆ ಅದು ಸುತ್ತಿ ಸ್ಪ್ರಿಂಗನ್ನು ಬಿಗಿಯುತ್ತದೆ. ತೆಗೆದಿಟ್ಟರೆ ಸುಮಾರು 40 ಗಂಟೆಗಳಲ್ಲಿ ನಿಂತುಹೋಗುತ್ತದೆ.

ಗೃಹಸ್ಥನ ಮೊದಲನೆಯ ಸಂಶಯವು ಇದು: ಚಿಕ್ಕದು ನಿಜವಾದುದೇ, ಅಥವಾ ನಿಜವಾದುದರ ಛಾಯೆಯೇ? ಗಾತ್ರದಿಂದ ಹಿರಿಮೆಯನ್ನಳೆಯುವ ಅಭ್ಯಾಸವು ಲೋಕದಲ್ಲಿ ಹಳೆಯದು. ಆ ಅಭ್ಯಾಸವನ್ನು ಮುರಿದವರು ಶರಣರು. ಗಡಿಯಾರವನ್ನು ಲಿಂಗದೊಡನೆ ಹೋಲಿಸುವುದು ಸರ್ವಥಾ ಅನುಚಿತ. ಆದರೂ, ಮುಗಿಲು ಮುಟ್ಟುವ ಗುಡಿಯಿಂದ ಭಕ್ತನ ದೃಷ್ಟಿಯನ್ನು ಅಂಗೈಯ ಇಷ್ಟಲಿಂಗದ ಕಡೆಗೆ ತಿರುಗಿಸಿದ ಪರಂಪರೆಯಲ್ಲಿ ಬೆಳೆದವನು, ಚಿಕ್ಕದಾದುದರಿಂದಲೇ ಒಂದು ವಸ್ತು ಕೀಳೆಂದು ಹೇಳಲಾರನು. ಇತಿಹಾಸವೂ ಈ ಮಾತಿಗೆ ಬೆಂಬಲವಾಗಿದೆ. 1957ರ ಮೊದಲ ಸ್ಪೀಡ್‌ಮಾಸ್ಟರಿನ ಅಗಲವೇ 40 ಮಿಲಿಮೀಟರಿಗಿಂತ ಕಡಿಮೆಯಿತ್ತು. 42 ಮಿಲಿಮೀಟರಿನ ರೂಪವು ತರುವಾಯ ಬಂದುದು. 1962ರ ಅಕ್ಟೋಬರಿನಲ್ಲಿ ವಾಲಿ ಶಿರಾ ಎಂಬ ಯಾತ್ರಿಕನು ಸ್ವಂತ ಸ್ಪೀಡ್‌ಮಾಸ್ಟರನ್ನು ಧರಿಸಿ ಆಕಾಶಕ್ಕೆ ಹೋದಾಗ ಅವನ ಕೈಯಲ್ಲಿದ್ದುದೂ ಅಂತಹ ಹಳೆಯ ಅಳತೆಯದೇ. ಕೈಗೆ ಹೊಂದುವುದನ್ನು ಆರಿಸುವವನು ತನ್ನ ಅಳತೆಯನ್ನು ತಾನು ಬಲ್ಲವನು. ದೊಡ್ಡವರ ಅಂಗಿಯನ್ನು ತೊಟ್ಟು ದೊಡ್ಡವನಾಗುವೆನೆಂದು ಬಗೆಯುವುದಕ್ಕಿಂತ ಇದು ಲೇಸು.

ಎರಡನೆಯ ಸಂಶಯ ಕೀಲಿಯದು. ದಿನವೂ ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಡುವುದು ಒಂದು ನಿಯಮ. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು ಪೂಜೆ ಮುಗಿಸಿ, ಬೆಂಗಳೂರಿನಲ್ಲಿ ತಯಾರಾದ ಎಚ್.ಎಂ.ಟಿ. ಗಡಿಯಾರಕ್ಕೆ ಕೀಲಿ ಕೊಟ್ಟು ಕೆಲಸಕ್ಕೆ ಹೊರಡುತ್ತಿದ್ದುದನ್ನು ಮಕ್ಕಳು ಕಂಡಿದ್ದಾರೆ. ತಾನಾಗಿ ನಡೆಯುವ ಯಂತ್ರವು ಈ ನಿಯಮವನ್ನು ಕಸಿದುಕೊಳ್ಳುವುದಿಲ್ಲವೇ ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ತಾನಾಗಿ ನಡೆಯುವುದೆಂಬುದು ಹೆಸರಿಗೆ ಮಾತ್ರ. ತೊಟ್ಟವನ ಕೈ ದುಡಿದರೆ ಅದು ನಡೆಯುತ್ತದೆ; ಪೆಟ್ಟಿಗೆಯಲ್ಲಿ ಮಲಗಿದರೆ ಅದೂ ಮಲಗುತ್ತದೆ. ಕಾಯಕವಿದ್ದಲ್ಲಿ ಚೈತನ್ಯ, ಕಾಯಕ ತಪ್ಪಿದಲ್ಲಿ ಜಡತ್ವ ಎಂಬುದನ್ನು ಈ ಪುಟ್ಟ ಲೋಲಕವು ಮೌನವಾಗಿ ತೋರಿಸಿಕೊಡುತ್ತದೆ. ಇಂತಹ ಗಡಿಯಾರಗಳನ್ನು ಹತ್ತಾರು ಕೊಂಡು, ತೊಡುವುದಕ್ಕೆ ಕೈ ಸಾಲದೆ, ಅವು ನಿಲ್ಲದಿರಲೆಂದು ವಿದ್ಯುತ್ತಿನಿಂದ ತಿರುಗುವ ಪೆಟ್ಟಿಗೆಗಳಲ್ಲಿಟ್ಟು ಸುತ್ತಿಸುವ ಶ್ರೀಮಂತರೂ ಲೋಕದಲ್ಲಿದ್ದಾರೆ. ಉಪಯೋಗವಿಲ್ಲದ ಒಡೆತನವನ್ನು ಜೀವಂತವಾಗಿಡಲು ಯಂತ್ರಕ್ಕೆ ಯಂತ್ರವೇ ಸೇವಕನಾದ ಈ ದೃಶ್ಯವು ಸಂಗ್ರಹಬುದ್ಧಿಯ ಪರಮಾವಧಿ.

ಮೂರನೆಯದು ವೆಚ್ಚದ ಪ್ರಶ್ನೆ. ಕೊಳ್ಳುವಾಗ ಅಗ್ಗವಾದುದು ಸಾಕುವಾಗ ಅಗ್ಗವಾಗಿರಬೇಕೆಂಬ ನಿಯಮವಿಲ್ಲ. ಮೇಲೆ ಕೂಡಿಸಿದ ಪದರವು ಕೆಟ್ಟರೆ, ಅದನ್ನು ಬಿಚ್ಚಿ ತಿದ್ದುವುದಕ್ಕಿಂತ ಇಡಿಯಾಗಿ ಬದಲಾಯಿಸುವ ಪದ್ಧತಿಯೇ ಅನೇಕ ಕಡೆಗಳಲ್ಲಿದೆ. ಕೀಲಿಯ ಗಡಿಯಾರದ ಯಂತ್ರವಾದರೋ ಒಂದೇ ಶರೀರ. ಬಲ್ಲ ಕುಶಲಿಯು ಅದನ್ನು ಬಿಡಿಬಿಡಿಯಾಗಿ ತೆಗೆದು ತೊಳೆದು ಜೋಡಿಸಬಲ್ಲನು. ಆದುದರಿಂದ ಗೃಹಸ್ಥನು ಬೆಲೆಯನ್ನು ಕೇಳುವಾಗಲೇ ರಿಪೇರಿಯ ಖರ್ಚನ್ನೂ ಕೇಳಿ ತಿಳಿಯತಕ್ಕದ್ದು. ಇಂದಿನ ಆಸೆಗಾಗಿ ನಾಳಿನ ಸಂಸಾರದ ಮೇಲೆ ಭಾರ ಹೊರಿಸುವುದು ಸಾಲ ಮಾಡಿದಂತೆಯೇ ಸರಿ.

ಇಷ್ಟೆಲ್ಲ ವಿಚಾರ ಮಾಡಿದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ಗಡಿಯಾರದ ಅವಶ್ಯಕತೆ ಅವನಿಗೆ ಇದೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ ಇಲ್ಲ. ಕಾಲವನ್ನು ತಿಳಿಯಲು ಕೆಲವು ನೂರು ರೂಪಾಯಿಗಳ ಸ್ಫಟಿಕದ ಗಡಿಯಾರ ಸಾಕು. ಅದು ಇದಕ್ಕಿಂತ ನಿಖರವಾಗಿಯೂ ನಡೆಯುತ್ತದೆ. ಜೇಬಿನ ದೂರವಾಣಿಯೇ ಸೆಕೆಂಡಿನ ಅಂಶಗಳನ್ನೂ ಎಣಿಸುತ್ತದೆ. ಅವಶ್ಯಕತೆಯ ಹೆಸರಿನಲ್ಲಿ ಈ ಕೊಳ್ಳುವಿಕೆಯನ್ನು ಸಮರ್ಥಿಸಹೊರಟವನು ಮೊದಲು ತನಗೆ ತಾನೇ ಸುಳ್ಳು ಹೇಳಿಕೊಳ್ಳಬೇಕಾಗುತ್ತದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯು ದಾರಿದೀಪವಾಗಿದೆ. ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಶರಣರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆ, ಮಿಕ್ಕುದನ್ನು ತಂದಲ್ಲಿಯೇ ಹಾಕಿ ಬರುವಂತೆ ಪತಿಯನ್ನು ಹಿಂದಿರುಗಿಸಿದರು. ಆ ಅಕ್ಕಿ ಕದ್ದುದಲ್ಲ, ಬೇಡಿದುದಲ್ಲ, ಬೆವರಿನ ಫಲವೇ. ಹಾಗಿದ್ದೂ ಆ ಮಹಾತಾಯಿಯ ಕಣ್ಣಿಗೆ ಬಿದ್ದುದು ಹೆಚ್ಚಿಗೆಯ ಹಿಂದಿದ್ದ ಮನಸ್ಸು. ಗಳಿಕೆ ಶುದ್ಧವಾಗಿದ್ದರೆ ಸಾಲದು, ಮನವೂ ಶುದ್ಧವಾಗಿರಬೇಕು ಎಂಬುದು ಅವರು ಕಲಿಸಿದ ಪಾಠ. ನ್ಯಾಯವಾಗಿ ದುಡಿದ ಹಣ ತನ್ನದು, ಅದನ್ನು ಹೇಗೆ ಬೇಕಾದರೂ ವೆಚ್ಚ ಮಾಡಬಹುದು ಎಂಬ ವಾದವು ಈ ಚರಿತ್ರೆಯ ಮುಂದೆ ನಿಲ್ಲಲಾರದು.

ಹಾಗಾದರೆ ಗೃಹಸ್ಥನು ಅವಶ್ಯಕತೆಯನ್ನು ಮೀರಿದ ಯಾವುದನ್ನೂ ಮುಟ್ಟಕೂಡದೇ? ಹಾಗೆ ಹೇಳಿದರೆ ಒಂದು ತೊಡಕು ಬರುತ್ತದೆ. ಇಳಕಲ್ಲಿನ ಸೀರೆಯನ್ನು ನೇಯುವವನ ಕೈಚಳಕ, ಬಿದರಿಯ ಪಾತ್ರೆಗೆ ಬೆಳ್ಳಿಯನ್ನು ಕೂಡಿಸುವವನ ಕಣ್ಣು, ವೀಣೆಯನ್ನು ಕಡೆಯುವವನ ತಾಳ್ಮೆ, ಇವೆಲ್ಲವೂ ಕೇವಲ ಅವಶ್ಯಕತೆಯನ್ನು ಮೀರಿದವು. ಅವಶ್ಯಕತೆಯೊಂದೇ ಅಳತೆಯಾದರೆ ಈ ಕಾಯಕಗಳೆಲ್ಲ ಅಳಿದುಹೋಗುವುವು. ನೂರಾರು ಸೂಕ್ಷ್ಮ ಭಾಗಗಳನ್ನು ಕೂದಲೆಳೆಯ ಅಂತರದಲ್ಲಿ ಹೊಂದಿಸುವ ಗಡಿಯಾರದ ಕುಶಲಿಯೂ ಕಾಯಕಜೀವಿಯೇ. ಅವನ ಕೆಲಸವನ್ನು ಕಂಡು ಸಂತೋಷಪಡುವುದು ಪಾಪವಲ್ಲ. ಮಾಯೆಯ ನೆಲೆ ಹೊರಗಿನ ವಸ್ತುವಿನಲ್ಲಿಲ್ಲ, ಅದನ್ನು ಬೆನ್ನಟ್ಟುವ ಚಿತ್ತದಲ್ಲಿದೆ ಎಂಬುದು ಅಲ್ಲಮಪ್ರಭುದೇವರ ಬೋಧೆಯ ಸಾರ. ಆದುದರಿಂದ ಪರೀಕ್ಷೆ ನಡೆಯಬೇಕಾದುದು ಗಡಿಯಾರದ ಮೇಲಲ್ಲ, ಕೊಳ್ಳುವವನ ಮೇಲೆ.

ಆ ಪರೀಕ್ಷೆಯಲ್ಲಿ ಅತ್ಯಂತ ಸೂಕ್ಷ್ಮವಾದ ಸ್ಥಳವೊಂದಿದೆ. ಚಿಕ್ಕ ಸ್ಪೀಡ್‌ಮಾಸ್ಟರನ್ನು ತೊಟ್ಟವನನ್ನು ಪರಿಚಿತನೊಬ್ಬನು, ಇದು ಚಂದ್ರನ ಮೇಲೆ ಹೋದ ಗಡಿಯಾರವಲ್ಲವೇ ಎಂದು ಕೇಳುತ್ತಾನೆನ್ನಬಹುದು. ಅಲ್ಲ, ಇದು ಅದರ ಬಳಗದ ಬೇರೊಂದು ಎಂದು ಕೂಡಲೇ ಹೇಳುವಷ್ಟು ಹಗುರವಾದ ಮನಸ್ಸು ಅವನಿಗಿದ್ದರೆ, ಆ ವಸ್ತು ಅವನನ್ನು ಕಟ್ಟಿಹಾಕಿಲ್ಲ. ಮುಗುಳ್ನಕ್ಕು ಸುಮ್ಮನಾದರೆ, ಸುಳ್ಳು ಹೇಳದೆಯೇ ಸುಳ್ಳು ಹೇಳಿದಂತಾಯಿತು. ನುಡಿ ಮಾತ್ರವಲ್ಲ, ಮೌನವೂ ನಡೆಗೆ ಹೊಂದಬೇಕು. ಇನ್ನೊಬ್ಬರ ಸಾಹಸದಿಂದ ಬಂದ ಕೀರ್ತಿಯನ್ನು ಹಣ ಕೊಟ್ಟು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆಸೆಯೇ ಕೊಳ್ಳುವಿಕೆಯ ಮೂಲವಾಗಿದ್ದರೆ, ದೊಡ್ಡದನ್ನು ಕೊಂಡರೂ ಅವನಿಗೆ ತೃಪ್ತಿಯಿಲ್ಲ. ಏಕೆಂದರೆ ದೊಡ್ಡದನ್ನು ತೊಟ್ಟವನೂ ಚಂದ್ರಲೋಕಕ್ಕೆ ಹೋದವನಲ್ಲ.

ಮೇಲಿನ ವಿಚಾರದಿಂದ ಗೃಹಸ್ಥನು ತನಗೆ ತಾನೇ ಹಾಕಿಕೊಳ್ಳತಕ್ಕ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಈ ವೆಚ್ಚದಿಂದ ಮಕ್ಕಳ ವಿದ್ಯೆಗಾಗಲಿ, ವೃದ್ಧರ ಔಷಧಕ್ಕಾಗಲಿ, ಮನೆಗೆ ಬಂದ ಅತಿಥಿಯ ಅನ್ನಕ್ಕಾಗಲಿ ಕೊರತೆಯಾಗುವುದೇ? ಆಗುವುದಾದರೆ ವಿಚಾರ ಅಲ್ಲಿಗೇ ಮುಗಿಯಿತು. ಮನೆಯೊಡತಿಗೆ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಹೇಳಬಲ್ಲನೇ? ಮಾರಯ್ಯನವರು ಅಕ್ಕಿಯ ಗಂಟನ್ನು ಬಚ್ಚಿಡಲಿಲ್ಲ. ಆದುದರಿಂದಲೇ ಅವರನ್ನು ತಿದ್ದುವುದು ಸಾಧ್ಯವಾಯಿತು. ಬೆಲೆಯನ್ನು ಅರ್ಧ ಮಾಡಿ ಹೇಳಬೇಕಾಗುವ ವಸ್ತುವು ಮನೆಯೊಳಗೆ ಬರುವ ಮುನ್ನವೇ ಅಸತ್ಯವನ್ನು ತಂದಿತು. ಕೊಂಡ ಮೇಲೆ ಅದನ್ನು ದಿನವೂ ತೊಟ್ಟು ಕಾಯಕಕ್ಕೆ ಹೋಗುವನೇ, ಕೆರೆಯಬಾರದೆಂದು ಕಪಾಟಿನಲ್ಲಿಡುವನೇ? ಕೊನೆಯದಾಗಿ, ಇದು ಬಂದರೆ ಆಸೆ ನಿಲ್ಲುವುದೇ, ಅಥವಾ ಮುಂದಿನದರ ಮೊದಲ ಮೆಟ್ಟಿಲಾಗುವುದೇ? ದೊಡ್ಡದು ಸಿಗುವ ತನಕ ಚಿಕ್ಕದಿರಲಿ ಎಂದು ಕೊಳ್ಳುವವನು ಚಿಕ್ಕದನ್ನು ಎಂದೂ ಕೊಂಡವನಲ್ಲ. ಅವನು ಕೊಂಡುದು ಅತೃಪ್ತಿಯನ್ನು.

ಈ ಪ್ರಶ್ನೆಗಳಿಗೆ ನಿಷ್ಕಪಟವಾಗಿ ಉತ್ತರ ದೊರೆತು, ಮನಸ್ಸು ನಿಚ್ಚಳವಾಗಿದ್ದರೆ, ಅಂತಹವನು ಚಿಕ್ಕ ಗಡಿಯಾರವನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಮಾರುವವನಿಗೆ ನ್ಯಾಯವಾದ ಬೆಲೆ ಕೊಟ್ಟು, ಆ ಸಂತೋಷದ ನಿಮಿತ್ತ ದಾಸೋಹಕ್ಕೂ ಒಂದು ಪಾಲನ್ನು ಸಲ್ಲಿಸಿ, ಅರ್ಪಿತ ಬುದ್ಧಿಯಿಂದ ಅದನ್ನು ಬಳಸಲಿ. ಉತ್ತರ ತಡವರಿಸಿದರೆ ಒಂದು ವರ್ಷ ಕಾಯಲಿ. ಕಾದರೆ ಕೆಡುವ ವಸ್ತು ಇದಲ್ಲ. ಕಾದಾಗ ಕರಗುವುದು ಆಸೆ ಮಾತ್ರ. ಕರಗದೆ ಉಳಿದುದರ ಯೋಗ್ಯತೆ ಆಗ ತಾನಾಗಿಯೇ ತಿಳಿಯುವುದು. ಆ ವರೆಗೆ ತಂದೆಯು ಬಿಟ್ಟುಹೋದ ಹಳೆಯ ಎಚ್.ಎಂ.ಟಿ.ಗೆ ಕೀಲಿ ಕೊಟ್ಟು ತೊಟ್ಟರೆ ಕೈಗೆ ಕುಂದಿಲ್ಲ. ಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚಿದರೂ ಆ ಗಡಿಯಾರ ತನ್ನ ಕಾಯಕವನ್ನು ಬಿಟ್ಟಿಲ್ಲ.

ಕ್ರೋನೋಗ್ರಾಫಿನ ಗುಂಡಿಯನ್ನೊತ್ತಿ ಮುಳ್ಳನ್ನು ಮೊದಲಿನ ಸ್ಥಾನಕ್ಕೆ ತರಬಹುದು. ಕಳೆದ ಆಯುಷ್ಯವನ್ನು ಹಾಗೆ ತರಲಾಗದು. ಕಾಲವನ್ನು ಅಳೆಯುವ ಸಾಧನಕ್ಕಾಗಿ ಹಂಬಲಿಸುತ್ತ ಕಾಲವನ್ನೇ ಕಳೆದುಕೊಳ್ಳುವುದು ವಿವೇಕವಲ್ಲ. ಗೃಹಸ್ಥನು ಏನನ್ನು ತೊಟ್ಟರೂ, ತೊಡದಿದ್ದರೂ, ಆ ಕೈ ಕಾಯಕದಲ್ಲಿ ನಿರತವಾಗಿರಲಿ, ದಾಸೋಹದಲ್ಲಿ ತೆರೆದಿರಲಿ. ಸದ್ಭಕ್ತರೆಲ್ಲರಿಗೂ ಸಾಕೆಂಬ ಅರಿವನ್ನು ಪರಶಿವನು ಕರುಣಿಸಲಿ.