ಜಯಮಂಗಲಿ ದಂಡೆಯ ಒಂಟಿ ವರದಿಗಾರ

ಫಲದ ಆಸೆ ಬಿಟ್ಟು ಕರ್ತವ್ಯಕ್ಕೆ ನಿಂತವನಿಗೆ ಮುಂಜಾಗ್ರತೆ ಯಾಕೆ? ಹಣೆಬರಹ ನಂಬುವವರೂ ಕೇಳುತ್ತಾರೆ, ಎದೆಗಾರಿಕೆಯನ್ನೇ ಧರ್ಮವೆಂದುಕೊಂಡ ಪತ್ರಕರ್ತರೂ ಕೇಳುತ್ತಾರೆ. ಜಯಮಂಗಲಿ ದಂಡೆಯ ಕೊಡಿಗೇನಹಳ್ಳಿಯಲ್ಲಿ ಈ ಪ್ರಶ್ನೆ ಬರೀ ವೇದಾಂತವಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರಕ್ಕೆ ಹರಿಯುತ್ತದೆ. ಅಕ್ರಮ ಮರಳು ಲಾರಿಯ ಬೆನ್ನು ಹತ್ತಿದ ವರದಿಗಾರನಿಗೆ ಕೆಲವೇ ಮೈಲಿಯಲ್ಲಿ ರಾಜ್ಯವೂ ಬದಲು, ಠಾಣೆಯ ಸರಹದ್ದೂ ಬದಲು. ಗೀತೆಯ ನಿಷ್ಕಾಮ ಕರ್ಮ ಫಲವನ್ನು ಬಿಡು ಎನ್ನುತ್ತದೆ, ಸಾಧನವನ್ನಲ್ಲ. ಅರ್ಜುನನೇನು ಬರಿಗೈಯಲ್ಲಿ ರಥ ಹತ್ತಲಿಲ್ಲ. ಕಾಯಕವೇ ಪೂಜೆಯಾದರೆ ಕಾಯವೂ ಪೂಜೆಯ ಸಾಮಗ್ರಿಯೇ.

2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಸ್ವಂತ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರಲ್ಲ, ಯಾವ ಸಿದ್ಧತೆ ಕಾಯುತ್ತಿತ್ತು ಎಂಬ ಆಕ್ಷೇಪ ಹಗುರವಲ್ಲ. ಸಿದ್ಧತೆ ಕೊಲೆಯನ್ನು ತಡೆಯದಿರಬಹುದು, ಕೊಲೆ ಮುಚ್ಚಿಹೋಗುವುದನ್ನು ತಡೆಯಬಹುದು. ರಸ್ತೆ ಕಾಮಗಾರಿಯ ಅಕ್ರಮ ಬಯಲು ಮಾಡಿದ ಛತ್ತೀಸ್‌ಗಢದ ಪತ್ರಕರ್ತ ಮುಕೇಶ್ ಚಂದ್ರಾಕರ್ 2025ರ ಜನವರಿ 1ರಂದು ಕಾಣೆಯಾದರು. ಸಹೋದರ ಬೆನ್ನುಬಿಡದೆ ಹುಡುಕಿದ್ದರಿಂದ 3ರಂದು ಶವ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಹುಡುಕುವವರಿಗೆ ನೆರವಾಗಲೆಂದು ಹೋಗುವ ದಾರಿ ಮೊದಲೇ ಹೇಳಿದರೆ ಮಾಹಿತಿ ಕೊಟ್ಟವರ ಗುಟ್ಟು ರಟ್ಟಾಗುತ್ತದೆ ಎಂಬ ಅಂಜಿಕೆ ನ್ಯಾಯವಾದದ್ದೇ. ಅದಕ್ಕೆ ಅಂಟಿಸಿದ ಲಕೋಟೆ ಸಾಕು: ದಾರಿ, ಸಮಯ, ಎರಡು ಫೋನ್ ನಂಬರು, ರಕ್ತದ ಗುಂಪು. ಹೇಳಿದ ಹೊತ್ತಿಗೆ ಕರೆ ಬಾರದಿದ್ದರೆ ಮಾತ್ರ ಮನೆಯವರು ಒಡೆಯಬೇಕು.